ಸಿಂಹದ ಬಾಯೊಳಗಿನ ಗುಂಡು

ಆರಿದ್ರೆ ಮಳೆ ಹಿಡಿದ ಒಂದು ಮಧ್ಯಾಹ್ನ. ಕೊಪ್ಪದ ಕಡೆಯ ಒಂದು ಶಾಲೆ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಮೇಷ್ಟರ ದನಿ ಎರಡನೇ ಬೆಂಚು ದಾಟುತ್ತಿರಲಿಲ್ಲ. ಅವರು ಮಾತು ನಿಲ್ಲಿಸಿ ಹಲಗೆಯ ಮೇಲೆ ಒಂದು ಸಾಲು ಬರೆದರು: ‘ಇಟ್ ಈಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್.’ ಬೆಕ್ಕು ನಾಯಿಗಳ ಮಳೆ. ಕೆಲವರು ನಕ್ಕರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಳೆ ಜೋರಾದ ದಿನ ನಮ್ಮ ಮನೆಯ ಬೆಕ್ಕು ಒಲೆಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಅಂಗಳದಲ್ಲೇ ಇರಬೇಕಾದ ನಾಯಿ ಜಗಲಿ ಹತ್ತಿ, ಯಾರೂ ಗದರದಿದ್ದರೆ ನಡುಮನೆಯ ಹೊಸ್ತಿಲವರೆಗೂ ಬಂದು, ಮುಂಗಾಲ ಮೇಲೆ ಮೂತಿ ಇಟ್ಟು ಮಲಗುತ್ತಿತ್ತು. ಬೆಕ್ಕೂ ನಾಯಿಯೂ ಹಗೆ ಮರೆತು ಒಂದೇ ಸೂರಿನಡಿ ಬಂದು ಸೇರುವಂಥ ಮಳೆ! ಇಂಗ್ಲಿಷಿನವರು ಎಷ್ಟು ಚೆನ್ನಾಗಿ ನೋಡಿದ್ದಾರೆ ಎಂದುಕೊಂಡೆ.

ಆ ಮಾತಿನ ಅರ್ಥ ಅದಲ್ಲ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಚಿತ್ರ ಒಳಗೆ ಕೂತುಬಿಟ್ಟಿತ್ತು. ಇವತ್ತಿಗೂ ಆ ನುಡಿಗಟ್ಟು ಕಿವಿಗೆ ಬಿದ್ದರೆ ನನಗೆ ಮೊದಲು ಕಾಣುವುದು ಆ ಒಲೆಕಟ್ಟೆಯೇ. ಜೊನಾಥನ್ ಸ್ವಿಫ್ಟ್ 1738ರಲ್ಲಿ ತನ್ನ ಕಾಲದ ಸಭ್ಯಸ್ಥರ ಹರಟೆಯ ಮಾತುಗಳನ್ನೆಲ್ಲ ಕೂಡಿಹಾಕಿ ಒಂದು ಪುಸ್ತಕ ಮಾಡಿದ. ಬೆಕ್ಕು ನಾಯಿಗಳ ಮಳೆ ಅದರಲ್ಲೂ ಸುರಿಯುತ್ತದೆ. ಅಂದರೆ ಇನ್ನೂರೆಂಬತ್ತು ವರ್ಷಗಳ ಹಿಂದೆಯೇ ಅದು ಎಲ್ಲರ ಬಾಯಲ್ಲಿ ಸವೆದ ಮಾತು. ಸವೆದ ನಾಣ್ಯದ ಮೇಲಿನ ಮುಖ ಕಾಣುವುದಿಲ್ಲ, ಆದರೂ ಅದು ಅಂಗಡಿಯಲ್ಲಿ ನಡೆಯುತ್ತದೆ. ಹೊಸದಾಗಿ ಭಾಷೆ ಕಲಿಯುವವನಿಗೆ ಮಾತ್ರ ಆ ಮುಖ ಇನ್ನೂ ಕಾಣುತ್ತದೆ. ಆಡುತ್ತಾ ಬೆಳೆದವರು ಕೇಳಿಸಿಕೊಳ್ಳುವುದನ್ನು ಎಂದೋ ಬಿಟ್ಟ ಬೆಕ್ಕಿನ ಕೂಗು ಕಲಿಯುವವನ ಕಿವಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಅದರಿಂದ ಇನ್ನೊಂದು ಲಾಭವೂ ಆಯಿತು: ಇಂಗ್ಲಿಷಿನ ಒಂದೊಂದು ನುಡಿಗಟ್ಟು ಬಂದು ಬಡಿದಾಗಲೂ ನಮ್ಮ ಮನೆಯ ಯಾವುದೋ ಒಂದು ಮಾತು, ಅದುವರೆಗೆ ಬರೀ ಗಾಳಿಯಂತೆ ಇದ್ದದ್ದು, ಥಟ್ಟನೆ ಮುಖ ತೋರಿಸಿತು.

ಮಳೆಯನ್ನೇ ನೋಡಿ. ‘ಕುಂಭದ್ರೋಣ ಮಳೆ’ ಎಂದು ಸಾವಿರ ಸಲ ಹೇಳಿದ್ದೆ. ಕುಂಭ ಕೊಡ, ದ್ರೋಣವೂ ಒಂದು ಅಳತೆಯ ಪಾತ್ರೆ ಎಂದು ಹೊಳೆದದ್ದು ಬೆಕ್ಕು ನಾಯಿಗಳ ಪಾಠವಾದ ಮೇಲೆ. ಅವರ ಆಕಾಶದಿಂದ ಪ್ರಾಣಿಗಳು ಬೀಳುತ್ತವೆ, ನಮ್ಮ ಆಕಾಶ ಅಳೆದು ಸುರಿಯುತ್ತದೆ. ಹಾಗೆಂದು ಪ್ರಾಣಿ ನಮ್ಮಲ್ಲೂ ಬೀಳದೆ ಇಲ್ಲ. ಬೇಸಿಗೆಯ ಗುಡುಗಿನ ಜೊತೆ ಅಂಗಳಕ್ಕೆ ಬೀಳುವ ಮಂಜಿನ ಹರಳಿಗೆ ‘ಆನೆಕಲ್ಲು’ ಎನ್ನುತ್ತಿದ್ದೆವು. ಗೋಲಿಯಷ್ಟು ದೊಡ್ಡದಕ್ಕೆ ಆನೆಯ ಹೆಸರು! ಪುಸ್ತಕದಲ್ಲಿ ಅದು ಆಲಿಕಲ್ಲು. ನಮಗೆ ಆನೆಯೇ ಬೇಕಿತ್ತು.

ಮಳೆಗಾಲದ ಮಾತಿನ ಸಿರಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಎಷ್ಟು ಎಂದು ಊರು ಬಿಟ್ಟ ಮೇಲೆಯೇ ತಿಳಿಯುವುದು. ಮಳೆ ಬರುವುದಷ್ಟೇ ಅಲ್ಲ, ‘ಹಿಡಿಯುತ್ತದೆ’, ಹಟಮಾರಿ ಮಗು ಸೆರಗು ಹಿಡಿದ ಹಾಗೆ. ನಡುವೆ ಒಂದು ಗಳಿಗೆ ಮೋಡ ಸರಿದು ಬೆಳಕಾದರೆ ‘ಹೊಳವಾಯ್ತು’. ಆ ಪದಕ್ಕೆ ಬೆಂಗಳೂರಿನಲ್ಲಿ ಕೆಲಸವೇ ಇಲ್ಲ. ಹೊಳವು ಎಂದರೆ ಬಿಸಿಲಲ್ಲ. ಹದಿನೈದು ದಿನದ ಮಳೆಯ ನಡುವೆ ಒಗೆದ ಬಟ್ಟೆಯನ್ನು ಓಡಿಹೋಗಿ ಹರವಬಹುದಾದ ಇಪ್ಪತ್ತು ನಿಮಿಷ. ಪುನರ್ವಸು, ಪುಷ್ಯ ಎರಡೂ ಅಣ್ಣನ ಮಳೆ, ತಮ್ಮನ ಮಳೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಈ ಮಾತನ್ನು ಅಜ್ಜಿ ಹೇಳುತ್ತಿದ್ದದ್ದು ಮಳೆ ನೋಡಿ ಅಲ್ಲ, ಬಡಿಸುತ್ತಾ. ಇನ್ನೊಂದು ಸೌಟು ಅನ್ನ ಹಾಕಲು ಅದು ಅವಳ ನೆಪ. ಮಳೆಯ ಮಾತು ಊಟದ ಎಲೆಗೆ ಬಂದು ಬೀಳುತ್ತಿತ್ತು. ಶೃಂಗೇರಿಯಿಂದ ಮೇಲೆ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿದ್ದಾನೆ. ಕಾಲಿಟ್ಟಲ್ಲಿ ಮಳೆ ತಂದ ಮುನಿ. ಮಳೆ ಬಾರದಿದ್ದರೆ ಬರಲೆಂದು, ಅತಿಯಾದರೆ ನಿಲ್ಲಲೆಂದು ಜನ ಅವನಲ್ಲಿಗೇ ಹೋಗುತ್ತಾರೆ. ದೇವರ ಜೊತೆಗೂ ಮಳೆಯ ಮಾತನ್ನೇ ಆಡುವ ಸೀಮೆ ಇದು.

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳನ್ನು ಎಲ್ಲರೂ ನೋಡಿರುತ್ತಾರೆ. ಹನ್ನೆರಡು ಕಂಬ, ಹನ್ನೆರಡು ರಾಶಿ, ಸೂರ್ಯ ಯಾವ ರಾಶಿಗೆ ಬರುತ್ತಾನೋ ಆ ಕಂಬದ ಮೇಲೆ ಬಿಸಿಲು. ಪ್ರವಾಸಿಗರು ಆ ಬಿಸಿಲನ್ನು ಹುಡುಕುತ್ತಾರೆ. ಮಕ್ಕಳು ಹುಡುಕುವುದು ಕಂಬದ ಸಿಂಹಗಳ ಬಾಯನ್ನು. ಆ ಬಾಯೊಳಗೆ ಕಲ್ಲಿನ ಗುಂಡು. ಬೆರಳು ತೂರಿಸಿ ತಳ್ಳಿದರೆ ಉರುಳುತ್ತದೆ, ಹೊರಗೆ ಮಾತ್ರ ಬಾರದು. ಹೊರಗಿನಿಂದ ತಂದು ಇಟ್ಟದ್ದಲ್ಲ ಅದು. ಸಿಂಹವನ್ನು ಕಡೆದ ಕಲ್ಲಿನಲ್ಲೇ, ಹಲ್ಲುಗಳ ಸಂದಿನಿಂದ ಉಳಿ ಆಡಿಸಿ ಬಿಡಿಸಿದ ಗುಂಡು. ಬಾಯಿ ಒಡೆಯದೆ ಅದನ್ನು ತೆಗೆಯುವಂತಿಲ್ಲ.

ನುಡಿಗಟ್ಟು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ವ್ಯಾಕರಣದ ಪುಸ್ತಕ ತೆರೆಯುವುದಿಲ್ಲ, ಈ ಗುಂಡನ್ನು ನೆನೆಯುತ್ತೇನೆ. ತನ್ನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಉರುಳುತ್ತದೆ! ಬೇರೆ ಬಾಯಿಗೆ ಕೊಡಹೋದರೆ ಹಲ್ಲು ಮುರಿಯುತ್ತದೆ. ‘ಕಿಕ್ ದಿ ಬಕೆಟ್’ ಎಂದರೆ ಇಂಗ್ಲಿಷಿನಲ್ಲಿ ಸತ್ತ ಎಂದರ್ಥ. ಬಕೆಟ್ಟಿನ ಜಾಗದಲ್ಲಿ ಅದೇ ಅರ್ಥದ ಇನ್ನೊಂದು ಪದವಿಟ್ಟರೆ ಸಾವು ಮಾಯ, ಉಳಿಯುವುದು ಒದ್ದ ಕೊಡಪಾನ ಮಾತ್ರ. ನಮ್ಮಲ್ಲಿಯೂ ಹಾಗೆಯೇ. ‘ನೆಗೆದು ಬಿದ್ದ’ ಎಂದರೆ ಸತ್ತ. ‘ಹಾರಿ ಬಿದ್ದ’ ಎಂದರೆ ಸಿಟ್ಟಿಗೆದ್ದ. ನೆಗೆಯುವುದಕ್ಕೂ ಹಾರುವುದಕ್ಕೂ ಇರುವ ಅಂತರ ಒಂದು ಚಟ್ಟದಷ್ಟು ದೊಡ್ಡದು. ‘ನುಡಿಗಟ್ಟು’ ಎಂಬ ಪದವೇ ಎಷ್ಟು ಒಪ್ಪವಾಗಿದೆ ನೋಡಿ: ನುಡಿಯ ಕಟ್ಟು. ವೀಳ್ಯದೆಲೆಯ ಕಟ್ಟಿನ ಹಾಗೆ. ಬಾಳೆನಾರು ಬಿಚ್ಚಿದರೆ ಎಲೆಗಳು ಎಲೆಗಳೇ, ಕಟ್ಟು ಇಲ್ಲ.

ಕಲಿಯುವವರಿಗೆ ಅತಿ ಚೆಂದದ ಎಡವುಗಲ್ಲು ‘ಕೈ’. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸಹಾಯ ಮಾಡು. ಅದನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ‘ಕೈಕೊಡು’. ಕೈಕೊಟ್ಟ ಎಂದರೆ ನಡುನೀರಿನಲ್ಲಿ ಬಿಟ್ಟ. ಕರೆಂಟು ಕೈಕೊಡುತ್ತದೆ, ಮಳೆಗಾಲದಲ್ಲಿ ಫೋನು ಕೈಕೊಡುತ್ತದೆ, ಕೊಯ್ಲಿನ ಹೊತ್ತಿಗೆ ಬರುತ್ತೇನೆಂದು ಮುಂಗಡ ತೆಗೆದುಕೊಂಡವನು ಕೈಕೊಡುತ್ತಾನೆ. ಆದರೆ ನಿಲ್ಲಿ, ಅಡಕೆ ಮೂಟೆ ಎತ್ತುವಾಗ ಆಳು ಕೂಗಿ ಹೇಳುವುದೇನು? ‘ಒಂದು ಕೈ ಕೊಡು ಮಾರಾಯ!’ ಹಿಂದೆ ‘ಒಂದು’ ಬಂದದ್ದೇ ತಡ, ದ್ರೋಹ ಹೋಗಿ ನೆರವು ಬಂತು. ಕೈಯನ್ನು ‘ಹಸ್ತ’ ಮಾಡಿದರೆ ಇನ್ನೂ ಗಂಭೀರ: ಸಹಾಯಹಸ್ತ ನೀಡುವುದು ಸಭೆಯ ಮಾತು. ಮೈಯ ಅದೇ ಒಂದು ಅಂಗ ಇಷ್ಟು ಬಾಗಿಲು ತೆರೆಯುತ್ತದೆ. ಯಾವ ನಿಯಮದಿಂದ ಇದನ್ನು ಕಲಿಸುವುದು? ನಿಯಮವಿಲ್ಲ. ಮೂಟೆಯ ಬಳಿ ನಿಂತಿರಬೇಕು.

ಇಂಗ್ಲಿಷ್ ಮಾತುಗಾರಿಕೆಯ ಪುಸ್ತಕಗಳು ಸಾಮಾನ್ಯವಾಗಿ ಶುರುವಾಗುವುದು ‘ಬ್ರೇಕ್ ದಿ ಐಸ್’ನಿಂದ. ಗುರುತಿಲ್ಲದವರ ನಡುವಿನ ಬಿಗುಮಾನ ಮುರಿದು ಮಾತು ಆರಂಭಿಸುವುದು. ಹೆಪ್ಪುಗಟ್ಟಿದ ನೀರನ್ನು ಒಡೆದು ಹಡಗು ಮುಂದೆ ಹೋಗುವ ಚಿತ್ರ. ತುಂಗೆ ಎಂದೂ ಹೆಪ್ಪುಗಟ್ಟಿದ್ದಿಲ್ಲ, ಹಾಗಾಗಿ ಒಡೆಯುವ ಕೆಲಸವೂ ನಮಗಿರಲಿಲ್ಲ. ನಮ್ಮ ಕಡೆ ಗುರುತಿಲ್ಲದವರು ಜಗಲಿ ಹತ್ತಿದರೆ ಮೊದಲ ಮಾತು ‘ಆಸರಿಗೆ ಏನು ಬೇಕು?’ ಆಸರು ಎಂದರೆ ಬಾಯಾರಿಕೆ, ದಣಿವು. ಬೆಲ್ಲದ ಚೂರು, ಒಂದು ಚೊಂಬು ನೀರು. ಆಮೇಲೆ ಕವಳದ ತಟ್ಟೆ ಮುಂದಕ್ಕೆ ಜರುಗುತ್ತದೆ. ಬಂದವನು ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಕೆ ಹೋಳನ್ನು ಬಾಯಿಗೆ ಹಾಕಿಕೊಳ್ಳುವವರೆಗೆ ಯಾರೂ ಬಂದ ಕೆಲಸ ಕೇಳುವುದಿಲ್ಲ. ಈ ಮೌನ ಬಿಗುಮಾನದ್ದಲ್ಲ, ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನ ಮರ್ಯಾದೆ. ಹಾಗಾಗಿ ‘ಬ್ರೇಕ್ ದಿ ಐಸ್’ಗೆ ನನ್ನ ಕನ್ನಡ ‘ಕವಳದ ತಟ್ಟೆ ಜರುಗಿಸು’. ನಿಘಂಟಿನಲ್ಲಿ ಹುಡುಕಿದರೆ ಸಿಗದು, ನಾನೇ ಮಾಡಿಕೊಂಡದ್ದು. ಆದರೆ ನಮ್ಮ ಕಡೆಯ ಯಾರಿಗೆ ಹೇಳಿದರೂ ವಿವರಣೆ ಬೇಕಾಗಿಲ್ಲ.

ಇಂಗ್ಲಿಷಿಗೆ ಚಳಿ ಎಂದರೆ ಭಯ. ಅಲ್ಲಿ ಪ್ರೀತಿ ಬೆಚ್ಚಗೆ, ಅಲಕ್ಷ್ಯ ತಣ್ಣಗೆ. ಸ್ವಾಗತ ‘ವಾರ್ಮ್’, ಮುಖ ತಿರುಗಿಸಿದರೆ ‘ಕೋಲ್ಡ್ ಶೋಲ್ಡರ್’, ಕೊನೆಯ ಗಳಿಗೆಯಲ್ಲಿ ಧೈರ್ಯ ಹೋದರೆ ‘ಕೋಲ್ಡ್ ಫೀಟ್’. ಕನ್ನಡದ ಹರಕೆ ಇದಕ್ಕೆ ತಿರುವುಮುರುವು: ‘ನಿನ್ನ ಹೊಟ್ಟೆ ತಣ್ಣಗಿರಲಿ’. ಒಳ್ಳೆಯವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು. ಮಕ್ಕಳನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಬಿಸಿಲಿನ ನಾಡಿನ ಭಾಷೆ ಎಂದು ಇದನ್ನು ವಿವರಿಸಿ ಮುಗಿಸುವುದು ರೂಢಿ. ಆದರೆ ಮಲೆನಾಡಿನವರಿಗೆ ಎರಡೂ ಬೇಕು. ಆಷಾಢದಲ್ಲಿ, ಗದ್ದೆಯಿಂದ ಕಂಬಳಿಕೊಪ್ಪೆ ಹೊದ್ದು ನಡುಗುತ್ತಾ ಬಂದವನಿಗೆ ‘ಹೊಟ್ಟೆ ತಣ್ಣಗಿರಲಿ’ ಎಂದು ಯಾರೂ ಹರಸುವುದಿಲ್ಲ. ‘ಮೀಯಲಿಕ್ಕೆ ನೀರು ಕಾದಿದೆ’ ಎನ್ನುತ್ತಾರೆ. ಬಚ್ಚಲ ಒಲೆಗೆ ದೊಡ್ಡ ಕುಂಟೆ ತುರುಕಿ, ಹಂಡೆಯ ನೀರು ಕೊತಕೊತ ಎನ್ನುತ್ತಾ, ಹೊಗೆಗೆ ಕಪ್ಪಾದ ಆ ಕತ್ತಲ ಕೋಣೆಯಲ್ಲಿ ಹೆಗಲ ಮೇಲೆ ಚೊಂಬು ಚೊಂಬು ನೀರು ಸುರಿದುಕೊಂಡವನಿಗೆ ‘ವಾರ್ಮ್ ವೆಲ್ಕಮ್’ ಎಂಬ ಪದದ ಒಳಗೇನಿದೆ ಎಂದು ಯಾವ ಮೇಷ್ಟರೂ ಹೇಳಿಕೊಡಬೇಕಾಗಿಲ್ಲ. ಉತ್ತರ ಕರ್ನಾಟಕದ ನನ್ನ ಸ್ನೇಹಿತರೊಬ್ಬರಿಗೆ ಆ ನುಡಿಗಟ್ಟು ಕೊನೆಯವರೆಗೂ ಬರೀ ಪಾಠವಾಗಿ ಉಳಿಯಿತು. ನನಗೆ ಅದು ಬಚ್ಚಲೊಲೆಯ ಮುಂದೆ ಕಾಸಿದ ಅಂಗೈ.

ಹೊಟ್ಟೆಯ ವಿಷಯ ಬಂದದ್ದಕ್ಕೆ ಇನ್ನೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇಂಗ್ಲಿಷಿನವರ ಭಾವವೆಲ್ಲ ಹಾರ್ಟಿನಲ್ಲಿ. ಕನ್ನಡದ್ದು ಬಹುಪಾಲು ಹೊಟ್ಟೆಯಲ್ಲಿ. ಅಸೂಯೆ ಹೊಟ್ಟೆಕಿಚ್ಚು. ಸಂಕಟ ಹೊಟ್ಟೆ ಉರಿ. ಕ್ಷಮೆ? ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.’ ಕೇಳಿ ಕೇಳಿ ಸವೆದ ಈ ಮಾತನ್ನು ಒಮ್ಮೆ ನಿಧಾನವಾಗಿ ಬಾಯಿಗೆ ಹಾಕಿಕೊಂಡು ನೋಡಿ. ಇನ್ನೊಬ್ಬನ ತಪ್ಪನ್ನು ಮರೆಯುವುದಲ್ಲ, ಅಳಿಸುವುದಲ್ಲ, ತಿನ್ನುವುದು. ಅರಗಿಸಿಕೊಳ್ಳುವುದು. ತಾಯಿ ಮಗುವಿನ ಎಲೆಯಲ್ಲಿ ಉಳಿದ ಅನ್ನವನ್ನು ತಾನು ಉಂಡಂತೆ. ಕ್ಷಮೆಗೆ ಇದಕ್ಕಿಂತ ದೊಡ್ಡ ಚಿತ್ರ ಯಾವ ಭಾಷೆಯಲ್ಲಿದ್ದರೂ ನಾನು ಕಂಡಿಲ್ಲ. ಇನ್ನು ಪರೀಕ್ಷೆಯ ಬೆಳಿಗ್ಗೆಯ ಕಳವಳಕ್ಕೆ ಇಂಗ್ಲಿಷಿನಲ್ಲಿ ‘ಬಟರ್‌ಫ್ಲೈಸ್ ಇನ್ ದಿ ಸ್ಟಮಕ್’, ಹೊಟ್ಟೆಯಲ್ಲಿ ಚಿಟ್ಟೆಗಳು. ತೆಳುವಾದ, ಬಣ್ಣದ ಮಾತು; ಮೊದಲ ಸಲ ಕೇಳಿದಾಗ ಎಷ್ಟು ಖುಷಿಯಾಯಿತು! ಅದೇ ಖುಷಿಯಲ್ಲಿ ನಮ್ಮದೂ ನೆನಪಾಯಿತು: ‘ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ’. ಚಿಟ್ಟೆ ಕಣ್ಣಿಗೆ ಕಾಣುತ್ತದೆ. ಹುಣಸೆಹಣ್ಣು ಕರುಳಿಗೆ ಮುಟ್ಟುತ್ತದೆ, ಹಲ್ಲು ಕೂಡ ಜುಂ ಎನ್ನುತ್ತದೆ. ಸಂತೋಷದ ಕಳವಳಕ್ಕೆ ಚಿಟ್ಟೆ ಇರಲಿ, ಫಲಿತಾಂಶದ ದಿನಕ್ಕೆ ನನಗೆ ಹುಣಸೆಯೇ ಸರಿ.

ಒಂದೇ ವಸ್ತುವನ್ನು ಎರಡು ಭಾಷೆಗಳು ಹೇಗೆ ಎರಡು ಕಡೆಯಿಂದ ನೋಡುತ್ತವೆ ಎಂಬುದಕ್ಕೆ ನನಗೆ ಪ್ರಿಯವಾದ ಸಾಕ್ಷಿ ಚಂದ್ರ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ತೀರ ಅಪರೂಪಕ್ಕೊಮ್ಮೆ. ನೀಲಿ ಚಂದ್ರ ಎಂಬ ಮಾತು ಇಂಗ್ಲಿಷಿನಲ್ಲಿ ಹಳೆಯದು. ಮೊದಲು ಅದರ ಅರ್ಥ ಆಗದ ಹೋಗದ ಸಂಗತಿ ಎಂದಷ್ಟೇ. ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯೇ ನೀಲಿ ಚಂದ್ರ ಎಂಬ ಇಂದಿನ ಲೆಕ್ಕ ಹರಡಿದ್ದು 1946ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಎಂಬ ಅಮೆರಿಕದ ಪತ್ರಿಕೆಯ ಒಂದು ಲೇಖನದಿಂದ; ಲೇಖಕರು ಹಳೆಯ ಪಂಚಾಂಗವೊಂದರ ನಿಯಮವನ್ನು ತಪ್ಪಾಗಿ ಓದಿಕೊಂಡಿದ್ದರು. ತಪ್ಪೇ ರೂಢಿಯಾಯಿತು. ಇರಲಿ, ಈ ಹೆಚ್ಚುವರಿ ಹುಣ್ಣಿಮೆ ಬರುವುದೇಕೆ? ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ, ಸೂರ್ಯನ ವರ್ಷಕ್ಕೆ 365. ಉಳಿಯುವ 11 ದಿನ ಸೇರುತ್ತಾ ಸೇರುತ್ತಾ ಎರಡೂಮುಕ್ಕಾಲು ವರ್ಷದ ಸುಮಾರಿಗೆ ಒಂದು ಇಡೀ ತಿಂಗಳಾಗುತ್ತದೆ. 19 ವರ್ಷಕ್ಕೆ ಏಳು ಸಲ. ಓದುತ್ತಾ ಓದುತ್ತಾ ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಿಸಿಟ್ಟೆ. ಈ ಲೆಕ್ಕ ನನಗೆ ಗೊತ್ತು! ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಇದಕ್ಕೆ ಅಧಿಕ ಮಾಸ ಎಂದು ಹೆಸರು.

ಅದೇ ಚಂದ್ರ, ಅದೇ ಹನ್ನೊಂದು ದಿನದ ಉಳಿಕೆ. ಇಂಗ್ಲಿಷ್ ಅದರಿಂದ ಅಪರೂಪದ ಸೊಗಸನ್ನು ತೆಗೆಯಿತು. ಕನ್ನಡ ತೆಗೆದದ್ದು ‘ಬರಗಾಲದಲ್ಲಿ ಅಧಿಕ ಮಾಸ’. ಕಣಜ ಬರಿದಾಗಿದೆ, ಹೊಸ ಭತ್ತಕ್ಕೆ ಇನ್ನೂ ದಿನಗಳಿವೆ, ಆಗ ಪಂಚಾಂಗ ನಡುವೆ ಒಂದು ತಿಂಗಳನ್ನು ತಂದು ತುರುಕುತ್ತದೆ. ಆ ಹುಣ್ಣಿಮೆಯನ್ನು ಯಾರು ನೋಡಿಯಾರು? ಒಂದು ಭಾಷೆ ಅಂಗಳದಲ್ಲಿ ನಿಂತು ಆಕಾಶ ನೋಡಿದೆ, ಇನ್ನೊಂದು ಅಡುಗೆಮನೆಯಲ್ಲಿ ನಿಂತು ಅಕ್ಕಿ ಅಳೆದಿದೆ. ಎರಡೂ ನಿಜ, ಎರಡೂ ಸೊಗಸು. ಅಪರೂಪಕ್ಕೆ ನಮ್ಮಲ್ಲಿ ‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ’ ಎನ್ನುತ್ತಾರೆ; ಲೆಕ್ಕ ಹಾಕಿದರೆ ಹದಿನೈದು ದಿನಕ್ಕೊಂದು ಸಲವಾಯಿತು. ದಿನಾ ಕಾಣಬೇಕಾದವರು ಹದಿನೈದು ದಿನ ಕಾಣದಿದ್ದರೆ ಅಪರೂಪವೇ ಎಂದು ತಿಳಿದ ಜನ ಕಟ್ಟಿದ ಮಾತು ಅದು.

ಈ ಮಾತುಗಳೆಲ್ಲ ನನಗೆ ಸಿಕ್ಕಿದ್ದು ಅಡಕೆ ಸುಲಿಯುವ ಜಗಲಿಯಲ್ಲಿ. ಕೊಯ್ಲಿನ ಕಾಲದಲ್ಲಿ, ರಾತ್ರಿ ಊಟವಾದ ಮೇಲೆ, ಸುಲಿಯುವವರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಹಸಿರು ಕಾಯಿ ಕತ್ತಿಗೆ ತಾಗಿ ಚರ್ ಎನ್ನುವ ಸದ್ದು, ಸಿಪ್ಪೆಯ ಒಗರು ವಾಸನೆ, ಪಕ್ಕದಲ್ಲಿ ದೊಡ್ಡ ಹಂಡೆಯಲ್ಲಿ ಬೇಯುವ ಅಡಕೆಯ ಕೆಂಪು ಚೊಗರು. ಕೈಗೆ ಕೆಲಸ, ಬಾಯಿಗೆ ಬಿಡುವು. ಊರಿನ ಸುದ್ದಿಗೆಲ್ಲ ಅಲ್ಲಿಯೇ ಸಿಪ್ಪೆ ಬಿಡುತ್ತಿತ್ತು. ಇಬ್ಬರ ನಡುವೆ ಸಿಕ್ಕಿಬಿದ್ದವನ ಕಥೆ ಬಂದರೆ ‘ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಆಗಿದ್ದಾನೆ ಪಾಪ’. ಚಿಲ್ಲರೆ ಆಸೆಗೆ ಹೆಸರು ಕೆಡಿಸಿಕೊಂಡವನ ಕಥೆಗೆ ‘ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ’. ಸುತ್ತ ಅಡಕೆಯ ರಾಶಿಯನ್ನೇ ಇಟ್ಟುಕೊಂಡು ಅಡಕೆಯ ಅಲ್ಪತನದ ಗಾದೆ ಹೇಳುವುದರಲ್ಲಿ ಎಂಥ ನಿರ್ಮಮತೆ! ಅಡಕೆಗೆ ಇಂಗ್ಲಿಷಿನಲ್ಲಿರುವ ಹೆಸರು ‘ಅರೆಕಾ’; ಅದು ಪೋರ್ಚುಗೀಸರ ಬಾಯಿಂದ ದಾಟಿ ಹೋದ ನಮ್ಮ ಕರಾವಳಿಯದೇ ಮಾತು, ಮಲಯಾಳದ ಅಡಯ್ಕಕ್ಕೂ ನಮ್ಮ ಅಡಕೆಗೂ ಒಂದೇ ಬೇರು. ನಮ್ಮ ‘ಕೊಳೆರೋಗ’ವೂ ಕಡಲು ದಾಟಿದೆ. ಮೈಸೂರು ಸೀಮೆಯ ಕಾಫಿ ಗಿಡದಲ್ಲಿ ಕಂಡ ಶಿಲೀಂಧ್ರಕ್ಕೆ 1876ರಲ್ಲಿ ಎಂ. ಸಿ. ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿಯೇ ‘ಕೊಳೆರೋಗ’ ಕೂತಿದೆ. ನಮ್ಮ ರೈತರ ಕಣ್ಣೀರಿನ ಪದ ಲ್ಯಾಟಿನ್ನಿನೊಳಗೆ.

ದಿಕ್ಕೆಟ್ಟವನಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ಸೈತಾನ, ಇನ್ನೊಂದು ಕಡೆ ಆಳವಾದ ಕಡಲು. ಕನ್ನಡದ ಹಳೆಯ ಮಾತು ‘ಅತ್ತ ದರಿ, ಇತ್ತ ಪುಲಿ’. ಕಡಲಿನವರ ಮಾತು ಅದು, ಮಲೆಯವರ ಮಾತು ಇದು. ಇಂಗ್ಲಿಷಿನ ದಿನಬಳಕೆಯಲ್ಲಿ ಹಡಗಿನ ಹಗ್ಗ ಎಷ್ಟು ಕಡೆ ಕಾಲಿಗೆ ಸಿಕ್ಕುತ್ತದೆ ಎಂದು ಒಮ್ಮೆ ಗೊತ್ತಾದರೆ ಮತ್ತೆ ಮರೆಯಲಾಗದು. ಕೆಲಸದ ಒಳಗುಟ್ಟು ಕಲಿಯುವುದು ‘ಲರ್ನ್ ದಿ ರೋಪ್ಸ್’. ಕಚೇರಿಯ ಪತ್ರಗಳಲ್ಲೆಲ್ಲ ಬರುವ ‘ಬೈ ಅಂಡ್ ಲಾರ್ಜ್’ ಕೂಡ ಮೂಲದಲ್ಲಿ ಹಾಯಿಹಡಗು ಗಾಳಿಗೆ ಎದುರಾಗಿಯೂ ಗಾಳಿಯ ಜೊತೆಗೂ ನಡೆಯುವ ಬಗೆ.

‘ಮಿಸ್ ದಿ ಬಸ್’ ಎಂಬುದು ಮಾತ್ರ ನಮಗೆ ಬಹಳ ಕಾಲ ನುಡಿಗಟ್ಟೇ ಆಗಲಿಲ್ಲ. ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ 1940ರ ಏಪ್ರಿಲ್ 4ರಂದು ಹಿಟ್ಲರ್ ಬಸ್ಸು ತಪ್ಪಿಸಿಕೊಂಡ ಎಂದು ಭಾಷಣ ಮಾಡಿದ; ಐದೇ ದಿನಕ್ಕೆ ಜರ್ಮನಿ ನಾರ್ವೆಯ ಮೇಲೆ ಬಿತ್ತು. ಅಂದಿನಿಂದ ಆ ಮಾತು ಕೇಳಿದರೆ ಇತಿಹಾಸ ಬಲ್ಲವರಿಗೆ ಚೇಂಬರ್ಲಿನ್ ನೆನಪಾಗುತ್ತಾನೆ. ಕೊಪ್ಪದವರಿಗೆ ನೆನಪಾಗುವುದು ಸಹಕಾರ ಸಾರಿಗೆ. 1991ರಲ್ಲಿ ಕೆಲಸಗಾರರೇ ಕೂಡಿ ಕಟ್ಟಿದ ಸಂಸ್ಥೆ, 2020ರವರೆಗೆ ನಮ್ಮ ತಿರುವುಗಳಲ್ಲಿ ಓಡಿತು. ತೋಟದ ದಾರಿಯಿಂದ ಯಾರೋ ಕೊಡೆ ಬೀಸುತ್ತಾ ‘ಹೋಯ್’ ಎಂದರೆ ಬಸ್ಸು ನಿಲ್ಲುತ್ತಿತ್ತು. ನಿಂತು ಕಾಯುವ ಬಸ್ಸನ್ನು ತಪ್ಪಿಸಿಕೊಳ್ಳುವುದು ಹೇಗೆ? ಕೈಜಾರಿದ ಅವಕಾಶಕ್ಕೆ ಅದು ಉಪಮೆಯಾಗಬೇಕಾದರೆ ಬಸ್ಸು ನಿರ್ದಯವಾಗಿರಬೇಕು. ಇನ್ನು ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ತರೀಕೆರೆಯಿಂದ ಪುಟ್ಟ ಹಳಿಯ ರೈಲೂ ಇತ್ತು. ಹಳಿ ಹೋಗಿ ತಲೆಮಾರುಗಳಾದವು. ‘ರೈಲು ಬಿಡುವುದು’ ಮಾತ್ರ ನಿಂತಿಲ್ಲ, ಸಂತೆಯ ದಿನ ಎಷ್ಟು ಬೇಕಾದರೂ ಓಡುತ್ತವೆ. ಯುವರಾಜರ ಹೆಸರು ಹೊತ್ತ ಆ ಊರನ್ನು ಪೂರ್ತಿ ಹೆಸರಿನಿಂದ ಕರೆಯುವವರು ಸರ್ಕಾರಿ ಬೋರ್ಡುಗಳಷ್ಟೇ. ಉಳಿದವರಿಗೆಲ್ಲ ಅದು ಎನ್.ಆರ್.ಪುರ; ಎರಡು ಇಂಗ್ಲಿಷ್ ಅಕ್ಷರಗಳನ್ನು ಜನ ಹಾಗೆ ಮನೆಮಾತು ಮಾಡಿಕೊಂಡಿದ್ದಾರೆ.

ಇಂಗ್ಲಿಷ್ ಮತ್ತು ಮನೆಮಾತು ಎಂದಾಗ ಹಿರೇಕೊಡಿಗೆಯನ್ನು ನೆನೆಯದೆ ಮುಂದೆ ಹೋಗಲಾರೆ. ಕೊಪ್ಪ ತಾಲ್ಲೂಕಿನ ಆ ಊರಿನಲ್ಲಿ 1904ರ ಡಿಸೆಂಬರ್ 29ರಂದು, ತಾಯಿಯ ತವರಿನಲ್ಲಿ, ಕುವೆಂಪು ಹುಟ್ಟಿದರು. ಅವರ ಮೊದಲ ಕವನಸಂಕಲನ ಇಂಗ್ಲಿಷಿನದು: 1922ರ ‘ಬಿಗಿನರ್ಸ್ ಮ್ಯೂಸ್’. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ತರುಣನ ಪದ್ಯಗಳನ್ನು ಓದಿ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂದರು. ಈ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ಹಾಗೆ ಹೇಳಿದವನು ಐರ್ಲೆಂಡಿನವನು ಎಂಬುದು. ತನ್ನ ನಾಡಿನ ಹಳೆಯ ನುಡಿ ಜನರ ಬಾಯಿಂದ ಜಾರುತ್ತಿದ್ದುದನ್ನು ಕಂಡವನು. ಇಂಗ್ಲಿಷಿನ ಪದಗಳು, ಛಂದಸ್ಸು, ವ್ಯಾಕರಣ ಎಲ್ಲವೂ ಆ ಹುಡುಗನಿಗೆ ಬಂದಿದ್ದವು. ‘ಕಾನೂರು ಹೆಗ್ಗಡಿತಿ’ಯ, ‘ಮಲೆಗಳಲ್ಲಿ ಮದುಮಗಳು’ವಿನ ಆಳುಮಕ್ಕಳು, ಗೌಡರು, ಗಟ್ಟದ ಕೆಳಗಿನವರು ಬಾಯಿ ತೆರೆದರೆ ಉರುಳುವ ಗುಂಡುಗಳು ಮಾತ್ರ ಇಂಗ್ಲಿಷಿನಲ್ಲಿ ಸಿಗುವಂತಿರಲಿಲ್ಲ.

ಎದುರು ದಿಕ್ಕಿನಿಂದ ನಡೆದು ಬಂದವರೂ ಇದ್ದಾರೆ. ಜರ್ಮನಿಯಿಂದ ಬಂದ ಕಿಟ್ಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಪದಗಳ ಜೊತೆಗೆ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಅವರು ಅಷ್ಟು ಅಕ್ಕರೆಯಿಂದ ಕೂಡಿಸಿದ್ದು ಕಲಿಯುವವನ ಕಿವಿ ಕೊನೆಯವರೆಗೂ ಅವರಿಗೆ ಉಳಿದಿದ್ದರಿಂದ ಎಂದು ನನ್ನ ನಂಬಿಕೆ. ಹುಟ್ಟಿನಿಂದ ಆಡುವವನಿಗೆ ಹೊಟ್ಟೆಗೆ ಹಾಕಿಕೊಳ್ಳುವುದು ಬರೀ ಕ್ಷಮಿಸುವುದು. ಕಿಟ್ಟೆಲರಿಗೆ ಅಲ್ಲಿ ಹೊಟ್ಟೆಯೂ ಕಂಡಿರಬೇಕು.

ಇಂಗ್ಲಿಷಿನಲ್ಲಿ ನನ್ನನ್ನು ಬಹಳ ದಿನ ಕಾಡಿದ ನುಡಿಗಟ್ಟು ‘ಬ್ರೇಕ್ ಎ ಲೆಗ್’. ರಂಗಕ್ಕೆ ಹೊರಟ ನಟನಿಗೆ ಗೆಳೆಯರು ಹೇಳುವ ಹಾರೈಕೆ ಅದು: ಕಾಲು ಮುರಿದುಕೋ. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ವಿಧಿಯ ಕಿವಿಗೆ ಬಿದ್ದು ಕೆಟ್ಟೀತೆಂಬ ಅಳುಕು. ಅದಕ್ಕೇ ಕೆಟ್ಟದ್ದನ್ನೇ ಹೇಳಿ ಅದನ್ನು ದಾರಿ ತಪ್ಪಿಸುವುದು. ಯಕ್ಷಗಾನದ ಚೌಕಿಯಲ್ಲಿ ಗೆಜ್ಜೆ ಕಟ್ಟಿಕೊಳ್ಳುತ್ತಿರುವವನಿಗೆ ಹೀಗೆಂದರೆ ಏನಾದೀತು ಎಂದು ಯೋಚಿಸಿದ್ದೇನೆ. ನಮ್ಮಲ್ಲಿ ವಿಧಿಯನ್ನು ದಾರಿ ತಪ್ಪಿಸುವ ಬಗೆ ಇದರ ಬೆನ್ನುಬದಿ. ಕೆಟ್ಟದ್ದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿಡುತ್ತೇವೆ. ರಾತ್ರಿ ಹಾವೆನ್ನುವಂತಿಲ್ಲ, ಅದು ‘ಹುಳ’. ಕಚ್ಚಿತು ಎನ್ನುವಂತಿಲ್ಲ, ‘ಹುಳ ಮುಟ್ಟಿತು’. ದೀಪ ಆರಿಸು ಎನ್ನಬಾರದು, ‘ದೀಪ ದೊಡ್ಡದು ಮಾಡು’. ಬಳೆ ಒಡೆಯುವುದಿಲ್ಲ, ‘ಹೆಚ್ಚುತ್ತದೆ’. ಮನೆಯಿಂದ ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ‘ಬತ್ತೀನಿ’ ಎನ್ನುತ್ತಾರೆ. ಕೇಳಿಸಿಕೊಳ್ಳುವ ಕತ್ತಲೆಗೆ ಹೆದರಿ ಮನೆ ಕಾಯುವ ಹೆಂಗಸರು ಕಟ್ಟಿದ ಭಾಷೆಯೊಳಗಿನ ಭಾಷೆ ಇದು. ಇದನ್ನು ಕಲಿಯಲು ನಾವೂ ಒಂದು ಕಾಲದಲ್ಲಿ ಹೊಸಬರಾಗಿಯೇ ಬಂದಿರುತ್ತೇವೆ.

ನನಗಾಗ ಐದೋ ಆರೋ ವರ್ಷ. ಆಶ್ಲೇಷ ಮಳೆ ಹಿಡಿದಿತ್ತು. ಹೊಸ ಭತ್ತಕ್ಕೆ ಇನ್ನೂ ತಿಂಗಳುಗಳಿದ್ದವು. ಅಡುಗೆಮನೆಯಿಂದ ಹೊರಬಂದ ಅಜ್ಜಿ, ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಸಣ್ಣ ದನಿಯಲ್ಲಿ ಹೇಳಿದಳು: ‘ಅಕ್ಕಿ ಹೆಚ್ಚಿದೆ.’ ಅಪ್ಪ ಮಾತಾಡದೆ ಎದ್ದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದುಕೊಂಡು, ಕಂಬಳಿ ಹೊದ್ದು ಮಳೆಗೆ ಇಳಿದರು. ಹೆಚ್ಚಿದ ಅಕ್ಕಿಯನ್ನು ನೋಡಬೇಕೆಂದು ನಾನು ಒಳಗೆ ಓಡಿದೆ. ಡಬ್ಬದ ಮುಚ್ಚಳ ತೆಗೆದು ಇಣುಕಿದೆ. ತಳದಲ್ಲಿ ಅಳೆಯುವ ಪಾವು ಬಿದ್ದಿತ್ತು, ಅದರ ಸುತ್ತ ಏಳೆಂಟು ಕಾಳು. ಅಜ್ಜಿ ಹಿಂದೆ ಬಂದು ನಿಂತಳು. ‘ಕಂಡ್ಯಾ? ಎಷ್ಟು ಹೆಚ್ಚಿದೆ’ ಎಂದಳು. ನಾನು ಹೌದೆಂದೆ.